ನನ್ನ ಡಿಗ್ರಿಯ ಅಸಲು ಬೆಲೆ

ಸಂಬಳ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು "ಬಸ್ಸು ಬಂತು" ಎನ್ನುತ್ತೇನೆ. ಕೆಲಸ ಬ್ರಹ್ಮಾವರದಲ್ಲಿ. ಅಲ್ಲಿ ಯಾವ ಕ್ಷಣದಲ್ಲಿ ಹೇಳಿದರೂ ಯಾವುದಾದರೊಂದು ಬಸ್ಸು ಬಂದೇ ಇರುವುದರಿಂದ ಇದು ಸುಳ್ಳೂ ಆಗುವುದಿಲ್ಲ. ಒಮ್ಮೆ ಮಾತ್ರ, ನನ್ನ ಸಹಪಾಠಿಯೊಬ್ಬಳ ತಾಯಿ ತೀರಾ ಬೆನ್ನು ಹತ್ತಿದ್ದರಿಂದ, ಕುಂದಾಪುರಕ್ಕೆ ಹೋಗಬೇಕಾದವಳು ಬೇರೆಯೇ ದಿಕ್ಕಿನ ಕೊಕ್ಕರ್ಣೆಯ ಬಸ್ಸು ಹತ್ತಿಬಿಟ್ಟೆ. ಗುಟ್ಟು ಉಳಿಯಿತು, ಟಿಕೆಟ್ಟಿನ ದುಡ್ಡು ಹೋಯಿತು. ಇನ್‌ಫರ್ಮೇಶನ್ ಸೈನ್ಸ್ ಓದಿ, ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವಳ ಸಂಬಳದಲ್ಲಿ ಅದು ಗಮನಕ್ಕೆ ಬಾರದ ಮೊತ್ತವಲ್ಲ. ಇದಕ್ಕಿಂತ ಹೆಚ್ಚು ಓದುಗರಿಗೂ ಹೇಳುವುದಿಲ್ಲ.

ಈ ಗುಣ ಅಮ್ಮನಿಂದ ಬಂದದ್ದು. ಅಪ್ಪ ಬೋಟಿನಲ್ಲಿ ದುಡಿಯುತ್ತಾರೆ. ಅಮ್ಮ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ಮನೆಯ ಹಣದ ಮಾತು ಅವಳದೇ. ಬೆಳಗ್ಗೆ ಗಂಗೊಳ್ಳಿ ಬಂದರಿನ ಏಲಂನಲ್ಲಿ ಎಷ್ಟಕ್ಕೆ ಕೊಂಡಳೆಂದು ಅವಳು ಬಾಯಿ ಬಿಡುವುದಿಲ್ಲ. ಗಿರಾಕಿಗೆ ಅಸಲು ಹೇಳಬಾರದು ಎನ್ನುವುದು ಆ ಸಾಲಿನಲ್ಲಿ ಕೂರುವ ಹೆಂಗಸರ ನೇಮ. "ಹ್ವಾಯ್, ನೀವ್ ಎಷ್ಟಕ್ಕೆ ತಂದದ್ದ್?" ಎಂದು ಯಾರಾದರೂ ಕೆದಕಿದರೆ ಅಮ್ಮ ಬಂಗುಡೆಯ ಮೇಲೆ ನೀರು ಚಿಮುಕಿಸುತ್ತ, "ನಿಮ್ಗೆ ಮೀನ್ ಬೇಕಾ, ನನ್ ಜಾತ್ಕ ಬೇಕಾ?" ಎನ್ನುತ್ತಾಳೆ. ಕೇಳಿದವರು ನಕ್ಕು ಮೀನು ಕೊಂಡು ಹೋಗುತ್ತಾರೆ.

ನಮ್ಮಿಬ್ಬರ ಈ ಗುಣದಿಂದ ಮೊದಲ ಸಲ ಕಷ್ಟಕ್ಕೆ ಸಿಕ್ಕಿದವಳು ತಂಗಿ ವೀಣಾ. ಅವಳಿಗೂ ಇನ್‌ಫರ್ಮೇಶನ್ ಸೈನ್ಸಿಗೇ ಸೀಟು ಸಿಕ್ಕಿತು. ಫೀಸು ಕಟ್ಟಲು ಮರುದಿನವೇ ಕೊನೆ. ಅಮ್ಮ ನನ್ನನ್ನು ಕರೆದು, "ನೀ ಅದನ್ನೇ ಓದದ್ದಲ್ದಾ ಹೆಣೆ? ಹಾಕದ್ದ್ ಎಷ್ಟ್, ಬಂದದ್ದ್ ಎಷ್ಟ್, ಲೆಕ್ಕ ಮಾಡಿ ಹೇಳ್. ಗಿಟ್ಟುದಾದ್ರೆ ಕಟ್ಟುವ" ಎಂದಳು. ವೀಣಾ ಹಿಂದಿನಿಂದ ನನ್ನ ಕಿವಿಯಲ್ಲಿ, "ಅಕ್ಕ, ಚೂರ್ ಜಾಸ್ತಿ ಹೇಳೇ" ಎಂದಳು.

ನಾನು ಹಾಳೆಯ ಮೇಲೆ ಸ್ಕೇಲಿಟ್ಟು ಎರಡು ಕಾಲಮ್ಮು ಎಳೆದೆ. ಆದಾಯ ನನಗೆ ಗೊತ್ತಿತ್ತು, ಆದರೆ ಹೇಳುವಂತಿರಲಿಲ್ಲ. ಹೇಳಿದರೆ ತಂಗಿಯ ಸೀಟು ಹೋಗುವುದು ಖಂಡಿತ. ಖರ್ಚು ನನಗೆ ಗೊತ್ತೇ ಇರಲಿಲ್ಲ. ಕಾಲೇಜಿನ ರಸೀದಿಗಳಿದ್ದವು ನಿಜ. ಆದರೆ ನಾನು ಮೂರನೆಯ ಸೆಮಿಸ್ಟರಿನಲ್ಲಿದ್ದಾಗ ಅಮ್ಮನ ಬೆಂಡೋಲೆ ಕಾಣೆಯಾಗಿ ಏಳನೆಯ ಸೆಮಿಸ್ಟರಿಗೆ ಮರಳಿ ಬಂದಿತ್ತು. ನಡುವಿನ ಎರಡು ವರ್ಷ, ಕೇಳಿದಾಗಲೆಲ್ಲ "ಕಿವಿ ನೋವ್" ಎಂದಿದ್ದಳು. ಅದಕ್ಕೆ ರಸೀದಿ ಎಲ್ಲಿಂದ ತರಲಿ?

"ಅಮ್ಮ, ನನ್ ಓದಿಗೆ ಒಟ್ಟ್ ಎಷ್ಟ್ ಹಾಕದ್ದ್ ನೀನ್?"

"ನಿಂಗೆ ಎಷ್ಟ್ ಬತ್ತ್, ಅದ್ ಹೇಳ್ ಮೊದ್ಲ್."

"ನೀ ಹೇಳ್ರೆ ನಾ ಹೇಳ್ತೆ."

"ನೀವಿಬ್ರೂ ಹೇಳ್ದಿರೆ ನನ್ ಸೀಟ್ ಹೋತ್ತ್!" ಎಂದು ವೀಣಾ ಕೂಗಿದಳು.

ಆಗ ಅಮ್ಮ ನನ್ನ ಸಂಬಳದ ಏಲಂ ಶುರುಮಾಡಿದಳು. ಮೇಲಿನಿಂದ ಕೆಳಕ್ಕೆ. ಮೊದಲು ಒಂದು ಭಾರಿ ಮೊತ್ತ ಹೇಳಿ ನನ್ನ ಮುಖ ನೋಡಿದಳು. ನಾನು ಮಾಡಿನ ಹೆಂಚು ನೋಡಿದೆ. ಅದರ ಅರ್ಧ ಹೇಳಿದಳು. ಮತ್ತೂ ಇಳಿಸಿದಳು. ನಾನು ಮುಖದ ಒಂದು ನರವನ್ನೂ ಅಲುಗಿಸಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ನಾಲ್ಕನೆಯ ಮೊತ್ತಕ್ಕೆ ನಿಲ್ಲಿಸಿ, "ಹ್ಞಾಂ, ಅಷ್ಟೇಯಾ?" ಎಂದಳು. ನೂರು ರೂಪಾಯಿಯೂ ಆಚೀಚೆ ಇರಲಿಲ್ಲ.

"ನಾ ಹೇಳ್ಲೇ ಇಲ್ಲೆ!" ಎಂದೆ.

"ಮೀನ್ ಬಾಯ್ ಬಿಟ್ಟ್ ಹೇಳ್ಕಾ? ಕಿವಿರ್ ಕಂಡ್ರೆ ಗೊತ್ತಾತ್ತ್" ಎಂದಳು.

ವೀಣಾಳ ಮುಖ ಬಾಡಿತು. ತಂಗಿಯ ಓದನ್ನು ನನ್ನ ಸಂಬಳವೇ ಮುಳುಗಿಸಿತಲ್ಲ ಎಂದು ನಾನು ತಲೆ ತಗ್ಗಿಸಿದೆ. ಅಮ್ಮ ಎದ್ದು, ಅಕ್ಕಿ ಡಬ್ಬದ ಹಿಂದಿನಿಂದ ಹಣದ ಚೀಲ ತಂದು ವೀಣಾಳ ಮಡಿಲಿಗೆ ಹಾಕಿದಳು. "ನನ್ ಮಾಲ್ ಹೊತ್ತ್ ಕಂತುದ್ರೊಳ್ಗ್ ಮಾರ್ದಿರೆ ಹಾಳಾತ್ತ್. ನಿಮ್ದ್ ಹಾಳಾತಿಲ್ಲೆ ಅಲ್ದಾ? ನಿಧಾನಕ್ಕ್ ಬೆಲೆ ಬತ್ತ್. ನಾಳೆ ಇಬ್ರೂ ಹೋಯಿ ಕಟ್ಟ್ಕಂಡ್ ಬನ್ನಿ." ನಾಲ್ಕು ವರ್ಷ ಓದಿದ ನನಗೆ ಹೊಳೆಯದ ಲೆಕ್ಕವನ್ನು ಅವಳು ನಿಂತಲ್ಲೇ ಮುಗಿಸಿದ್ದಳು. ಆದರೂ ಹಾಳೆ ಪೂರ್ತಿಯಾಗಲಿ ಎಂದು, "ಹಂಗಾರೆ ನಂದ್ ಅಸಲ್ ಎಷ್ಟ್ ಅಮ್ಮ?" ಎಂದೆ.

"ನಿಂಗೆ ಡಿಗ್ರಿ ಬೇಕಿತ್ತಾ, ನನ್ ಜಾತ್ಕ ಬೇಕಿತ್ತಾ?"

ಮರುದಿನ ಫೀಸು ಕಟ್ಟಿ ಬರುವಾಗ ಬ್ರಹ್ಮಾವರದಲ್ಲಿ ಇಳಿದು, ಲ್ಯಾಬಿನ ಕೀಲಿಕೈ ಕೊಟ್ಟು, ಮನೆಯ ಬಸ್ಸಿಗೆ ನಿಂತಿದ್ದೆವು. ಎದುರಿಗೆ ಅದೇ ಸಹಪಾಠಿಯ ತಾಯಿ. ಈ ಸಲ ಅವರು ನೇರ ತಂಗಿಯನ್ನೇ ಹಿಡಿದರು. "ಎಂತ ಹೆಣೆ, ಸೀಟಿಗೆ ಎಷ್ಟ್ ಕಟ್ಟದ್ದ್?" ವೀಣಾ ರಸ್ತೆಯ ಕಡೆ ನೋಡಿ, ಅತ್ಯಂತ ವಿನಯದಿಂದ, "ಬಸ್ ಬಂತ್" ಎಂದವಳೇ ನನ್ನ ಕೈ ಹಿಡಿದೆಳೆದು ಹತ್ತಿದಳು. ನಮ್ಮ ಮನೆಯ ಹುಡುಗಿ ಎಂದು ಹೆಮ್ಮೆಪಡುತ್ತಿದ್ದಾಗಲೇ ಕಂಡಕ್ಟರು ಬಂದು, "ಕೊಕ್ಕರ್ಣೆಗಾ?" ಎಂದ. ಎರಡು ಟಿಕೆಟ್ಟು ಕೊಂಡೆ. ಖರ್ಚಿನ ಕಾಲಮ್ಮಿನಲ್ಲಿ ನಾನು ಖಚಿತವಾಗಿ ಬರೆಯಬಲ್ಲ ಅಂಕಿ ಇಂದಿಗೂ ಅದೊಂದೇ.