ಬಂಗುಡೆ ಮಾರುವ ಪುಕ್ಕಲ

ಏನೂ ಆಗದೆ ಅಂಗಡಿ ಬಾಗಿಲು ಹಾಕಿದ ದಿನ ಅಂತ ನನಗೆ ಒಂದೂ ನೆನಪಿಲ್ಲ. ದಿನಕ್ಕೊಂದು ಆಗುತ್ತಲೇ ಇರುತ್ತದೆ. ಕೇಳಿದವರಿಗೆ ಅದು ನಗುವ ವಿಷಯ. ನನಗೆ ಮಾತ್ರ ಆ ಹೊತ್ತಿನಲ್ಲಿ ಕೈಕಾಲು ತಣ್ಣಗಾಗಿರುತ್ತವೆ. ನಾನು ಹುಟ್ಟು ಪುಕ್ಕಲ, ಹಲ್ಲಿ ಲೊಚಗುಟ್ಟಿದರೂ ಬೆಚ್ಚಿ ಬೀಳುವವನು. ಅಂಥವನು ಹೋಗಿ ಹೋಗಿ ಹೊಳಲ್ಕೆರೆಯಲ್ಲಿ ಸಮುದ್ರದ ಮೀನಿನ ಅಂಗಡಿ ಇಟ್ಟಿದ್ದೇನೆ.

ನಮ್ಮ ಕಡೆಯವರಿಗೆ ಕೆರೆ ಮೀನು ಗೊತ್ತು, ಹಿರಿಯೂರಿನ ಡ್ಯಾಮಿನ ಮೀನು ಗೊತ್ತು. ಸಮುದ್ರ ಅಂದರೆ ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೂ ಹೋಗಿ ಕಾಲು ನೆನೆಸಿಕೊಂಡು ಬಂದ ಜಾಗ, ಅಷ್ಟೇ. ನಾನು ಕರಾವಳಿಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲವು ವರ್ಷ ಐಸ್ ಹೊತ್ತವನು. ಅಲ್ಲಿ ದಿನವೂ ಬಂಗುಡೆ ಸಾರು ಉಂಡು, ಆ ರುಚಿಯನ್ನು ನಮ್ಮೂರಿನವರಿಗೂ ಹತ್ತಿಸಬೇಕು ಅಂತ ವಾಪಸ್ ಬಂದೆ. ಬಂಗುಡೆ ಚೆಂದದ ಮೀನು. ಬೆನ್ನು ನೀಲಿ ಹಸಿರು, ಹೊಟ್ಟೆ ಬೆಳ್ಳಿ. ದಡದಿಂದ ಬಹಳ ದೂರ ಹೋಗದೆ ಹಿಂಡು ಕಟ್ಟಿಕೊಂಡು ಓಡಾಡುತ್ತದೆ, ಸುತ್ತಲೂ ಬಲೆ ಹಾಕಿದರೆ ಹಿಂಡಿಗೆ ಹಿಂಡೇ ಸಿಗುತ್ತದೆ. ತೊಂದರೆ ಒಂದೇ. ನೀರಿನಿಂದ ಎತ್ತಿದ ಗಳಿಗೆಯಿಂದ ಬಾಣಲೆಗೆ ಬೀಳುವ ತನಕ ಅದಕ್ಕೆ ಐಸ್ ಬೇಕು. ಐಸ್ ತಪ್ಪಿದರೆ ಬಂಗುಡೆ ಕೆಡುತ್ತದೆ, ಬಂಗುಡೆ ಕೆಟ್ಟರೆ ನಾನು ಕೆಟ್ಟೆ.

ಯಾಕೆಂದರೆ ಮಳಿಗೆಯ ಯಜಮಾನರು ಬೀಗದ ಕೈ ಕೊಡುವಾಗಲೇ ಹೇಳಿದ್ದರು: "ನೋಡಪ್ಪ, ಮೀನಿನವನಿಗೆ ಮಳಿಗೆ ಕೊಡೋದಕ್ಕೆ ಊರಾಗೆ ಯಾರೂ ಒಪ್ಪಲಿಲ್ಲ. ನಾನು ಒಪ್ಪೀನಿ. ಆದ್ರೆ ನಿನ್ನ ಮೀನು ತಿಂದು ಯಾರಿಗೋ ಏನೋ ಆಯ್ತು ಅಂತ ಒಂದೇ ಒಂದು ದೂರು ಬರ್ಲಿ, ಅವತ್ತೇ ಸಾಮಾನು ಎತ್ಕಂಡು ಹೋಗ್ತಾ ಇರ್ಬೇಕು."

ಅವತ್ತಿನಿಂದ ನನಗೆ ಗಿರಾಕಿ ಬಂದರೆ ಒಂದು ಭಯ, ಹೋದರೆ ಇನ್ನೊಂದು ಭಯ. ತಿಂದವರು ಮಾರನೆಯ ದಿನ ರಸ್ತೆಯಲ್ಲಿ ಓಡಾಡುವುದನ್ನು ಕಣ್ಣಾರೆ ನೋಡಿದ ಮೇಲೇ ನನಗೆ ಸಮಾಧಾನ.

ಕಿವಿರಿನ ಒಕ್ಕಲು

ಒಮ್ಮೆ ಹೊಸದುರ್ಗದ ಸಂತೆಗೆ ಮೊಪೆಡ್ ಮೇಲೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹೋಗಿದ್ದೆ. ಸುತ್ತ ನಿಂತಿದ್ದ ಹೆಂಗಸರಿಗೆ ದೊಡ್ಡ ಪಂಡಿತನ ಹಾಗೆ ಪಾಠ ಹೇಳಿದೆ: "ತಾಜಾ ಮೀನು ಗುರುತು ಹಿಡಿಯೋದು ಕಿವಿರಲ್ಲಿ. ಕೆನ್ನೆ ಎತ್ತಿ ನೋಡ್ರಿ, ಒಳಗೆ ಕೆಂಪಗಿದ್ರೆ ಕಣ್ಣು ಮುಚ್ಕಂಡು ತಗಳ್ರಿ."

ಆಗಲೇ ಮೀನು ತೂಗಿಸಿಕೊಂಡಿದ್ದ ಒಬ್ಬ ಅಜ್ಜಿ ಒಂದರ ಕೆನ್ನೆ ಎತ್ತಿದರು. ಒಳಗೆ ಕೆಂಪಗೇನೋ ಇತ್ತು. ಅದರ ಜೊತೆಗೆ ಅವರೆಕಾಳಿನಷ್ಟು ದೊಡ್ಡದಾದ, ಬೆಳ್ಳಗಿನ, ಮೈತುಂಬ ಕಾಲಿರುವ ಹುಳವೂ ಕಿವಿರು ತಬ್ಬಿಕೊಂಡು ಕೂತಿತ್ತು. ಕಿರುಚಿದ್ದು ಅಜ್ಜಿಯಲ್ಲ, ನಾನು. ಅಜ್ಜಿ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತು ಮೇಲೆತ್ತಿ ಸಂತೆಗೆಲ್ಲ ಕಾಣುವ ಹಾಗೆ ತೋರಿಸಿದರು.

"ಏನಪ್ಪ ಇದು? ತಿಗಣೆ ಇದ್ದಂಗೈತೆ?"

ಆ ಗುಂಪಿನಲ್ಲಿ ಹೊಳಲ್ಕೆರೆಯವರೂ ಇದ್ದರು. ಸಂಜೆಯೊಳಗೆ ಯಜಮಾನರ ಕಿವಿಗೆ ಬೀಳುವುದು ಖಾತ್ರಿ ಅನ್ನಿಸಿ ನನ್ನ ನಾಲಿಗೆ ಒಣಗಿತು. "ಅಜ್ಜಿ, ಅದು ಸಮುದ್ರದ ಹುಳ. ಮೀನಿನ ಕಿವಿರಲ್ಲೇ ಮನೆ ಮಾಡ್ಕಂಡು ಅದರ ರಕ್ತ ಕುಡಿದು ಬದುಕ್ತೈತೆ. ಕೆಲವು ಬಂಗುಡೇಲಿ ಇರ್ತವೆ. ಮನುಷ್ಯರಿಗೆ ಏನೂ ಮಾಡಲ್ಲ, ದೇವರಾಣೆ," ಅಂದೆ.

"ಮಾಡದಿದ್ರೆ ಬಿಡು," ಅಂದರು ಅಜ್ಜಿ. "ಆದ್ರೆ ಇದನ್ನೂ ಸೇರಿಸಿ ತೂಕಕ್ಕೆ ಹಾಕಿದ್ಯಲ್ಲ. ಇದರ ಬದಲು ಒಂದು ಮೀನು ಹಾಕು."

ಬದುಕಿದೆ ಅಂದುಕೊಂಡು ಒಂದಲ್ಲ, ಎರಡು ಹಾಕಿದೆ. ಅದೇ ತಪ್ಪಾಯಿತು. ಉಳಿದ ಹೆಂಗಸರೆಲ್ಲ ಪೆಟ್ಟಿಗೆಗೆ ಮುಗಿಬಿದ್ದು ಒಂದೊಂದೇ ಮೀನಿನ ಕೆನ್ನೆ ಎತ್ತಿ ಹುಳ ಹುಡುಕತೊಡಗಿದರು. ಹುಳ ಸಿಗದವರೆಲ್ಲ, ಮೋಸದ ಮೀನು ತಂದಿದ್ದಾನೆ ಅಂತ ನನ್ನನ್ನು ಬೈದುಕೊಂಡು ಹೋದರು.

ಹೆಣ ತಿನ್ನದ ಮೀನು

ಹೊರಕೆರೆದೇವಪುರದ ಕಡೆಯ ಗಾರೆ ಕೆಲಸದವರೊಬ್ಬರು ದಿನಾ ಬರುತ್ತಿದ್ದರು, ನೋಡುತ್ತಿದ್ದರು, ತೆಗೆದುಕೊಳ್ಳುತ್ತಿರಲಿಲ್ಲ. ಸುಮ್ಮನೆ ನಿಂತು ನೋಡುವವರನ್ನು ಕಂಡರೆ ನನಗೆ ಇನ್ನೂ ಭಯ. ಒಂದು ದಿನ ಧೈರ್ಯ ಮಾಡಿ ಯಾಕೆ ಅಂತ ಕೇಳಿದೆ.

"ಸಮುದ್ರದಾಗೆ ಹಡಗು ಮುಳುಗ್ತವೆ, ಜನ ಸಾಯ್ತಾರೆ. ಆ ಹೆಣಗಳನ್ನ ತಿನ್ನೋವು ಇವೇ ಅಲ್ವೇನಪ್ಪ?" ಅಂದರು, ಪಕ್ಕದಲ್ಲಿದ್ದ ನಾಲ್ಕು ಗಿರಾಕಿಗಳಿಗೂ ಕೇಳುವ ಹಾಗೆ. ನಾಲ್ವರೂ ಕೈಯಲ್ಲಿದ್ದ ಮೀನು ಪೆಟ್ಟಿಗೆಗೆ ಹಾಕಿದರು.

ಈ ಮಾತು ಊರೆಲ್ಲ ಹಬ್ಬಿದರೆ ದೂರು ಬರುವುದಕ್ಕೂ ಮೊದಲೇ ಬಾಗಿಲು ಹಾಕಬೇಕಾಗುತ್ತದೆ. ನಾನು ಒಂದು ಬಂಗುಡೆಯ ಬಾಯಿ ಬಿಡಿಸಿ ಕಿವಿರಿನ ಒಳಗಿರುವ ಸಣ್ಣ ಸಣ್ಣ ಕಡ್ಡಿಗಳನ್ನು ತೋರಿಸಿದೆ. "ನೋಡ್ರಿ, ಬಾಚಣಿಗೆ ಹಲ್ಲಿನ ಥರ ಐತಲ್ಲ, ಇದು ಜರಡಿ. ಬಂಗುಡೆ ಬಾಯಿ ತೆಕ್ಕಂಡು ಈಜ್ತೈತೆ. ನೀರಾಗೆ ತೇಲೋ ಕಣ್ಣಿಗೆ ಕಾಣದಂಥ ಪಾಚಿ, ಧೂಳಿನಂಥ ಹುಳ ಇದರಾಗೆ ಸೋಸ್ಕಂಡು ತಿಂತೈತೆ. ಹೆಣ ಕಚ್ಚೋ ಹಲ್ಲೇ ಇದಕ್ಕಿಲ್ಲ."

ಅವರು ಬೆರಳಿಟ್ಟು ಪರೀಕ್ಷೆ ಮಾಡಿದರು. ಮುಖ ಅರಳಿತು. "ಪಾಚಿ ತಿಂತೈತಾ? ಪಾಪ, ನಮ್ಮ ಎಮ್ಮೆ ಇದ್ದಂಗೆ," ಅಂದರು. "ಹಂಗಾದ್ರೆ ಒಂದು ಕೆಜಿ ಕಟ್ಟು. ಸೊಪ್ಪು ತಿನ್ನೋ ಮೀನು ಅಂದ್ಮೇಲೆ ಸೋಮವಾರಕ್ಕೂ ಅಡ್ಡಿ ಇಲ್ಲ."

ಅಡ್ಡಿ ಇದೆಯೋ ಇಲ್ಲವೋ ಹೇಳುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು? ಕಟ್ಟಿಕೊಟ್ಟೆ.

ಬೆಳಗುವ ಬಂಗುಡೆ

ಅಕ್ಕನನ್ನು ಕೊಟ್ಟಿದ್ದು ಬಬ್ಬೂರಿಗೆ. ಅಲ್ಲಿಗೆ ಹೋಗುವಾಗ ಒಂದು ಚೀಲ ಬಂಗುಡೆ ಒಯ್ದಿದ್ದೆ. ಅಕ್ಕ ಅದನ್ನು ತೊಳೆದು, ನಾನು ತಂದ ಐಸ್ ಸಮೇತ ಬುಟ್ಟಿಯಲ್ಲಿ ಹಾಕಿ ಒಳಗಿನ ಕೋಣೆಯಲ್ಲಿಟ್ಟಿದ್ದಳು. ಸಂಜೆ ಕರೆಂಟು ಹೋಯಿತು. ಮಸಾಲೆ ರುಬ್ಬುವುದು ನಿಂತಿತು. ಮೀನು ತರಲು ಒಳಗೆ ಹೋದ ಭಾವ ಕಿಟಾರನೆ ಕೂಗಿ ಹೊರಗೆ ಓಡಿ ಬಂದರು.

"ಲೇ, ನಿನ್ನ ಮೀನು ಉರೀತಾವೆ ಕಣೋ!"

ಹೋಗಿ ಇಣುಕಿದೆ. ಕತ್ತಲಲ್ಲಿ ಬುಟ್ಟಿಯೊಳಗಿಂದ ತಿಳಿನೀಲಿ ಬೆಳಕು ಬರುತ್ತಿತ್ತು. ನನ್ನ ಮೈ ಬೆವತುಹೋಯಿತು. ಐಸ್ ಫ್ಯಾಕ್ಟರಿಯ ಹಳಬರು ಈ ಮಾತು ಹೇಳಿದ್ದರು: ಸಮುದ್ರದ ನೀರಿನ ಕೆಲವು ಸೂಕ್ಷ್ಮಜೀವಿಗಳು ಮೀನಿನ ಮೈಗೆ ಅಂಟಿಕೊಂಡು ಬಂದು ಕತ್ತಲಲ್ಲಿ ಹೊಳೆಯುತ್ತವೆ, ಬೇಯಿಸಿದರೆ ಸಾಯುತ್ತವೆ ಅಂತ. ಕೇಳುವುದು ಬೇರೆ, ಅಕ್ಕನ ಮನೆಯ ಬುಟ್ಟಿಯಲ್ಲಿ ನೋಡುವುದು ಬೇರೆ. ಭಾವನಿಗೆ ಧೈರ್ಯ ಹೇಳುವುದಕ್ಕೆ ಬಾಯಿ ತೆರೆದರೆ ಹಲ್ಲು ಕಟಕಟ ಅನ್ನುತ್ತಿತ್ತು.

ಕರೆಂಟು ಬಂದಾಗ ಮೀನು ಮಾಮೂಲಿ ಮೀನೇ. ಅಕ್ಕ ನಮ್ಮಿಬ್ಬರನ್ನೂ ಬೈದು, ಚೆನ್ನಾಗಿ ಕುದಿಸಿ ಸಾರು ಮಾಡಿದಳು. ಭಾವ ಹೆದರುತ್ತ ಹೆದರುತ್ತಲೇ ಐದು ಮೀನು ತಿಂದರು. ಊಟವಾದ ಮೇಲೆ ಮನುಷ್ಯ ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ಒಳಗಿನ ಕೋಣೆಯಲ್ಲಿ ಲೈಟ್ ಆರಿಸಿ ಬನಿಯನ್ ಎತ್ತಿ, ಹೊಟ್ಟೆ ಬೆಳಗುತ್ತಿದೆಯಾ ಅಂತ ನೋಡಿಕೊಳ್ಳುತ್ತ ನಿಂತಿದ್ದರು.

ಶ್ರಾವಣದ ಸ್ಕೂಟರ್

ಇನ್ನು ಇದು ನನ್ನ ಜೀವ ಬಾಯಿಗೆ ಬಂದ ಕಥೆ.

ಮೀನು ಮೊಟ್ಟೆಯಿಡುವ ಕಾಲ ಅಂತ ಮಳೆಗಾಲದಲ್ಲಿ ಎರಡು ತಿಂಗಳು ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ನನ್ನ ಅಂಗಡಿಯಲ್ಲಿ ನೊಣವೂ ಇಲ್ಲ. ದೋಣಿಗಳು ಮತ್ತೆ ಇಳಿದು ಒಳ್ಳೆಯ ಬಂಗುಡೆ ಬರುವ ಹೊತ್ತಿಗೆ ಸರಿಯಾಗಿ ನಮ್ಮೂರಲ್ಲಿ ಶ್ರಾವಣ. ಮನೆಮನೆಯಲ್ಲೂ ಮೀನು ಮಾಂಸ ಬಂದ್. ಆಗ ಬರುವವರೆಲ್ಲ ಚೀಲದ ಮೇಲೆ ಕೊತ್ತಂಬರಿ ಸೊಪ್ಪು ಇಟ್ಟುಕೊಂಡು ಕದ್ದು ಬರುವವರೇ.

ಅಂಥ ಒಂದು ಬೆಳಿಗ್ಗೆ ಮಳಿಗೆಯ ಯಜಮಾನರೇ ಸ್ಕೂಟರ್‌ನಲ್ಲಿ ಬಂದರು. ಅತ್ತಿತ್ತ ನೋಡಿ, "ಲೇ, ನಾಲ್ಕು ಬಂಗುಡೆ ಕಟ್ಟು. ಬೇಗ," ಅಂದರು. ಅವರ ಹೆಂಡತಿ ದೇವರ ಮುಂದೆ ಕರ್ಪೂರ ಹಚ್ಚಿ ಶ್ರಾವಣ ಮುಗಿಯುವ ತನಕ ಮೀನು ಮುಟ್ಟಲ್ಲ ಅಂತ ಅವರಿಂದ ಆಣೆ ಮಾಡಿಸಿದ್ದು ಬೀದಿಗೆಲ್ಲ ಗೊತ್ತಿತ್ತು.

"ಯಜಮಾನ್ರೇ, ಸೀದಾ ಹೋಗಿ ಫ್ರಿಜ್ಜಲ್ಲಿಡ್ರಿ," ಅಂದೆ.

"ಫ್ರಿಜ್ಜಾ? ತಲೆ ಕೆಟ್ಟೈತಾ? ಅವಳು ನನ್ನನ್ನೇ ಕತ್ತರಿಸಿ ಫ್ರಿಜ್ಜಲ್ಲಿ ಇಡ್ತಾಳೆ."

"ಐಸಾದ್ರೂ ಹಾಕಿಕೊಡ್ತೀನಿ."

"ಐಸ್ ಬೇಡ. ನೀರು ಸೋರಿ ಡಿಕ್ಕಿ ವಾಸ್ನೆ ಹಿಡಿದ್ರೆ ಸಿಕ್ಕಿಹಾಕ್ಕಂತೀನಿ."

ಕಾಗದದಲ್ಲಿ ಸುತ್ತಿದ ಬಂಗುಡೆ ಸ್ಕೂಟರಿನ ಡಿಕ್ಕಿ ಸೇರಿತು. ಯಜಮಾನರು ಯಾವುದೋ ಕಚೇರಿ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋದರು. ಆ ವರ್ಷ ಶ್ರಾವಣದಲ್ಲಿ ಮೋಡವೇ ಇರಲಿಲ್ಲ. ಕಚೇರಿಯ ಮುಂದೆ ಸ್ಕೂಟರು ಮಧ್ಯಾಹ್ನದ ತನಕ ಸುಡುಬಿಸಿಲಲ್ಲಿ ನಿಂತಿತ್ತು. ಆಮೇಲೆ ಯಜಮಾನರು ತಮ್ಮ ತೋಟದ ಪಂಪ್‌ಹೌಸಿಗೆ ಬಂದು, ತಾವೇ ಒಲೆ ಹಚ್ಚಿ ಹುರಿದು, ನಾಲ್ಕೂ ಮುಗಿಸಿದರು.

ಮೂರೂವರೆಗೆ ನನಗೆ ಫೋನ್ ಬಂತು. "ಲೇ, ಓಡಿ ಬಾರೋ. ನಾನು ಸಾಯ್ತಾ ಇದೀನಿ."

ಮೊಪೆಡ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಹೋಗಿ ನೋಡಿದರೆ ಯಜಮಾನರ ಮುಖ ಕುಂಕುಮ ಬಳಿದ ಹಾಗೆ ಕೆಂಪಾಗಿತ್ತು. ಕುತ್ತಿಗೆ, ಎದೆಯ ತುಂಬ ದದ್ದು. ತುರಿಸಿಕೊಳ್ಳುತ್ತ, ಎದೆ ಹಿಡಿದುಕೊಂಡು ಕೂತಿದ್ದರು. "ದೇವ್ರು ಹಿಡ್ಕಂಡವ್ನೆ ಕಣೋ. ಆಣೆ ತಪ್ಪಿದ್ನಲ್ಲ, ಹಿಡ್ಕಂಡವ್ನೆ," ಅಂದರು. ಒಂದು ಕ್ಷಣ ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು. "ನಾನು ಉಳಿದ್ರೆ ನಾಳೆ ನೀನು ಮಳಿಗೆ ಖಾಲಿ ಮಾಡು. ಸತ್ರೆ ನನ್ನ ಮಗ ಖಾಲಿ ಮಾಡಿಸ್ತಾನೆ."

ನನಗೆ ಅಳು ಬಂತು. ಮಳಿಗೆ ಹೋಗುವುದಿರಲಿ, ನನ್ನ ಕೈಯ ಮೀನು ತಿಂದು ಒಬ್ಬರು ಸಾಯುವುದು ಅಂದರೆ ನಾನು ಬದುಕಿ ಏನು ಪ್ರಯೋಜನ? ಅವರನ್ನು ಮೊಪೆಡ್ ಹಿಂದೆ ಕೂರಿಸಿ, ಟವಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದೆ. ಡಾಕ್ಟರು ನಾಡಿ ನೋಡುತ್ತಿದ್ದಾಗಲೇ ಯಜಮಾನರು, "ನಮ್ಮನೆಯವಳನ್ನ ಕರೆಸ್ರಿ, ಕೊನೇ ಸಲ ಮುಖ ನೋಡ್ಬೇಕು," ಅಂತ ಹಟ ಹಿಡಿದರು. ಇಂಜೆಕ್ಷನ್ ಕೊಟ್ಟು ಮಲಗಿಸಿದ ಸ್ವಲ್ಪ ಹೊತ್ತಿಗೆ ಯಜಮಾಂತಿ ಗಾಬರಿಯಲ್ಲಿ ಓಡಿ ಬಂದರು.

ಯಜಮಾನರು ಆಕೆಯ ಕೈ ಹಿಡಿದುಕೊಂಡು ಶುರು ಮಾಡಿದರು. "ತಪ್ಪಾಯ್ತು ಕಣೇ. ಮೀನು ತಿಂದೆ. ಹೋದ ಶ್ರಾವಣದಾಗೂ ತಿಂದಿದ್ದೆ. ನಿನ್ನ ತಂಗಿ ಮದುವೆ ದಿನ ನನಗೆ ಜ್ವರ ಇರ್ಲಿಲ್ಲ, ಟೀವಿಯಾಗೆ ಮ್ಯಾಚ್ ಇತ್ತು. ನಿಮ್ಮಪ್ಪ ಕೊಟ್ಟ ಉಂಗುರ ಸ್ನಾನ ಮಾಡುವಾಗ ಕಳೆದಿಲ್ಲ, ಇಸ್ಪೀಟಾಗೆ ಹೋಯ್ತು. ನೀನು ಮಾಡೋ ಮೆಂತ್ಯದ ಸಾರು..." ಇಲ್ಲಿ ಮೂಗು ಒರೆಸಿಕೊಂಡರು, "ಮದುವೆಯಾದಾಗಿನಿಂದ ಬಾಯಿಗಿಡೋಕೆ ಆಗಿಲ್ಲ. ಎಲ್ಲಾ ಹೊಟ್ಟೆಗೆ ಹಾಕ್ಕ."

ಯಜಮಾಂತಿ ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಡಾಕ್ಟರು ಬಂದು ಎದೆ, ಮುಖ ಎಲ್ಲ ನೋಡಿದರು. ಕೆಂಪು ಆಗಲೇ ಇಳಿಯುತ್ತಿತ್ತು. "ಏನೂ ಆಗಿಲ್ಲ, ಸಾಯಲ್ಲ," ಅಂದರು. "ಬಂಗುಡೆಯಂಥ ಮೀನನ್ನ ಐಸ್ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಮಾಂಸದಲ್ಲಿ ಒಂಥರಾ ವಿಷ ಹುಟ್ಟುತ್ತೆ. ಹುರಿದರೂ ಹೋಗಲ್ಲ. ಎಲ್ಲಿಟ್ಟಿದ್ರಿ?"

"ಸ್ಕೂಟರ್ ಡಿಕ್ಕಿಯಾಗೆ," ಅಂದೆ ನಾನು, ಹೇಗೋ ಧ್ವನಿ ಬಂತು. "ಐಸ್ ಹಾಕ್ತೀನಿ ಅಂದ್ರೂ ಬೇಡ ಅಂದ್ರು ಡಾಕ್ಟ್ರೇ."

ಯಜಮಾಂತಿ ನನ್ನ ಕಡೆ ತಿರುಗಿದರು. ನಾನು ಬಾಗಿಲ ಕಡೆ ಸರಿದೆ. "ನಿಂದೇನೂ ತಪ್ಪಿಲ್ಲ ಬಿಡಪ್ಪ. ಮಳಿಗೆ ಬಿಡೋ ಮಾತೇ ಇಲ್ಲ, ನಾನಿದೀನಿ. ಹೋಗಿ ಅಂಗಡಿ ಬಾಗಿಲು ತೆಗಿ," ಅಂದರು.

ಆಮೇಲೆ ಗಂಡನ ಕಡೆ ತಿರುಗಿ, ಹಾಲಿನಂಥ ಮೆತ್ತಗಿನ ಧ್ವನಿಯಲ್ಲಿ ಹೇಳಿದರು: "ಏಳ್ರಿ, ಮನೆಗೆ ಹೋಗಾಣ."

ಯಜಮಾನರ ಮುಖದಲ್ಲಿ ಉಳಿದಿದ್ದ ಕೆಂಪೆಲ್ಲ ಒಂದೇ ಸಲಕ್ಕೆ ಇಳಿದು ಬಿಳಿಚಿಕೊಂಡಿತು. ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದರು. "ಶ್ರಾವಣ ಮುಗಿಯೋ ತನಕ ನನ್ನನ್ನ ಇಲ್ಲೇ ಅಡ್ಮಿಟ್ ಮಾಡ್ಕಳ್ರಿ!"