ಅತಿಥಿ ಓಣಿಯ ಐದನೇ ನಂಬರು

ನನ್ನ ಹೆಂಡತಿ ಮಹೇಶ್ವರಿಗೆ ತಂತ್ರಜ್ಞಾನದ ಗಂಧವೂ ಇಲ್ಲ ಎಂದು ನಾನು ಹದಿನಾಲ್ಕು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಕಳೆದ ರವಿವಾರ ಹನ್ನೊಂದು ಗಂಟೆಯ ಸುಮಾರಿಗೆ, ಹಿರಿಯ ಅಧಿಕಾರಿಯೊಬ್ಬರ ಸಮಕ್ಷಮದಲ್ಲಿ, ದಿವಂಗತವಾಯಿತು.

ನಾನು ಮುತ್ತಣ್ಣ, ಗಜೇಂದ್ರಗಡದ ಒಂದು ಹೈಸ್ಕೂಲಿನ ಕಂಪ್ಯೂಟರ್ ಮಾಸ್ತರ. ನಮ್ಮ ಸಂಸ್ಥೆಗೆ ರೋಣ, ನರಗುಂದಗಳಲ್ಲೂ ಶಾಲೆಗಳಿವೆ. ಮೂರೂ ಊರಿನ ಕಂಪ್ಯೂಟರುಗಳಲ್ಲಿ ಯಾವುದಕ್ಕೆ ಯಾವ ಅಡ್ರೆಸ್ ಎಂದು ದಾಖಲಿಸುವ ಹೊಸ ಸಾಫ್ಟ್‌ವೇರ್ ಬಂತು. ಅದಕ್ಕೊಬ್ಬ ಮೇಲ್ವಿಚಾರಕ ಬೇಕಿತ್ತು. ಆ ಹುದ್ದೆ ಸಿಕ್ಕವರಿಗೆ ಎಂಟನೇ 'ಬ' ವರ್ಗದ ಪಾಠ ಮಾಫಿ. (ಎಂಟನೇ 'ಬ' ಎಂದರೇನೆಂದು ಅನುಭವಿಸಿದವರಿಗೇ ಗೊತ್ತು. ಮೊನ್ನೆ ನನ್ನ ಕುರ್ಚಿಯ ಮೇಲೆ ಓತಿಕ್ಯಾತ ಕೂತಿತ್ತು. ಅದರ ಪರವಾಗಿಯೂ ಒಬ್ಬ 'ಹಾಜರ್ ಸರ್' ಎಂದ.) ಆ ಹುದ್ದೆಗಾಗಿ ನಾನು ಏನು ಮಾಡಲೂ ಸಿದ್ಧನಿದ್ದೆ.

ಆ ಹುದ್ದೆಗೆ ಆಳನ್ನು ಆರಿಸುವವರು ರೋಣದ ಕಚೇರಿಯ ಬಾಬುಸಾಬ ಸಾಹೇಬರು. ಅವರು, "ಮೊದಲ ಮನ್ಯಾಗ ಸಣ್ಣದಾಗಿ ಮಾಡ್ರಿ ಮಾಸ್ತರ. ರವಿವಾರ ಬಂದು ನೋಡ್ತೀನಿ" ಎಂದರು. ನಾನು ಮನೆಯ ವೈಫೈಯನ್ನು ಸಬ್‌ನೆಟ್‌ಗಳಾಗಿ ಒಡೆಯಲು ಕೂತೆ. ಸಬ್‌ನೆಟ್ ಎಂದರೆ ಬೇರೇನಲ್ಲ, ಅಡ್ರೆಸ್ಸುಗಳ ಓಣಿ. ಮನೆಯವರ ಓಣಿಗೆ ಎಂಟು ನಂಬರು, ಅತಿಥಿಗಳ ಓಣಿಗೆ ಎಂಟು. ಈ ಮಹಾಯೋಜನೆಯನ್ನು ಮಹೇಶ್ವರಿಗೆ ವಿವರಿಸಿದೆ.

"ಎಂಟರಾಗ ಒಂದು ಓಣಿ ಹೆಸರಿಗೆ ಹೋತು. ಒಂದು ಡಂಗುರಕ್ಕ, ಅಂದ್ರ ಎಲ್ಲಾರಿಗೂ ಒಮ್ಮೆ ಸುದ್ದಿ ಮುಟ್ಟಸಾಕ. ಒಂದು ಅಗಸಿ ಬಾಗಲಕ್ಕ. ಉಳದದ್ದು ಐದು."

"ಎಂಟು ಮನಿ ಕಟ್ಟಿ ಮೂರರಾಗ ಯಾರೂ ಇರಂಗಿಲ್ಲ ಅಂದ್ರ ಅದೆಂಥಾ ಓಣಿರೀ?"

"ಅದು ನಿನಗ ತಿಳಿಯೂದಲ್ಲ ಬಿಡು."

"ಹೌದ್ರಿ. ನನಗ ಹಂಡೆ ಪಾತೇಲಿ ಅಷ್ಟ ತಿಳೀತಾವ."

ಹಂಡೆ ಪಾತೇಲಿಯ ವಿಷಯ ಹೇಳಬೇಕು. ನಮ್ಮ ಓಣಿಯ ಹೆಣ್ಣುಮಕ್ಕಳ ಸಂಘದ ದೊಡ್ಡ ಪಾತ್ರೆಗಳೆಲ್ಲ ನಮ್ಮ ಪಡಸಾಲೆಯಲ್ಲೇ ಇವೆ. ಯಾರ ಮನೆಯಲ್ಲಿ ಕಾರ್ಯವಾದರೂ ಬಂದು ಒಯ್ಯುತ್ತಾರೆ. ಯಾವುದನ್ನು ಯಾರು ಒಯ್ದರು, ಎಂದು ತಂದರು ಎಂದು ಮಹೇಶ್ವರಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆಯುತ್ತಾಳೆ. ಎರಡು ಪಾತೇಲಿ ಮಾತ್ರ ಸದಾ ಮನೆಯಲ್ಲೇ ಇರಬೇಕು, ಹೇಳದೆ ಕೇಳದೆ ಬಂದವರಿಗೆ ಬೇಕಾಗುತ್ತವಂತೆ. ಈ ಮಹಾಗ್ರಂಥವನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ.

ಪಾತ್ರೆಗೆಂದು ಬಂದವರು ಚಹಾ ಕುಡಿಯುತ್ತಾ ಕೂರುತ್ತಾರೆ. ನಮ್ಮ ಕಲ್ಲುಗೋಡೆಯ ಮನೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ವೈಫೈ ಕೇಳುತ್ತಾರೆ. ಪಕ್ಕದ ಮನೆಯ ಕಾಶೀಂಬಿ ಅತಿಥಿ ಓಣಿಯ ಪ್ರಥಮ ಪ್ರಜೆ. "ಮಾಸ್ತರ್ರ, ಸೂಡಿ ಊರಾಗಿನ ಮಗಳ ಮಾರಿ ಒಂದೀಟು ನೋಡ್ತೀನ್ರಿ, ಹಚ್ಚಿ ಕೊಡ್ರಿ" ಎಂದು ಫೋನು ಚಾಚಿದಳು. ಹೀಗೆ ಯಾರು ಬಂದರೂ ಮಹೇಶ್ವರಿ, "ಇವರಿಗೆ ಎಷ್ಟನೇ ನಂಬರ್ ಬಂತ್ರಿ?" ಎಂದು ಕೇಳುತ್ತಿದ್ದಳು. ಗಂಡನ ವಿದ್ಯೆಯ ಮೇಲೆ ಕೊನೆಗೂ ಗೌರವ ಹುಟ್ಟಿತು ಎಂದು ಉಬ್ಬಿ ಹೋದೆ. ಆ ವಾರ ರೊಟ್ಟಿಯೂ ತೆಳ್ಳಗೆ ಬಂದ ಹಾಗೆ ಅನಿಸಿತು.

ನಾನು ಸಾಫ್ಟ್‌ವೇರಿನಲ್ಲಿ ಒಂದು ಓಣಿಗೆ ಹಸಿರು, ಇನ್ನೊಂದಕ್ಕೆ ಕೇಸರಿ ಬಣ್ಣ ಬಳಿದೆ. ಒಮ್ಮೆ ಕೊಟ್ಟ ನಂಬರು ಒಂದು ವರ್ಷ ಅವರದೇ ಇರಲಿ ಎಂದು ಉದಾರವಾಗಿ ಗಡುವಿಟ್ಟೆ. ಯಾರಿಗೆ ಕೊಟ್ಟದ್ದು ಎಂದು ಬರೆಯುವ ಕಾಲಮ್ಮಿತ್ತು. ಅಷ್ಟು ಕಷ್ಟ ಯಾಕೆ ಎಂದು ಅತಿಥಿ ಒಂದು, ಅತಿಥಿ ಎರಡು ಎಂದು ತುಂಬಿಬಿಟ್ಟೆ.

ರವಿವಾರ ಬಾಬುಸಾಬ ಸಾಹೇಬರು ಬಂದರು. ಬಣ್ಣ ನೋಡಿ "ಚಲೋ ಕಾಣಸ್ತದ" ಎಂದರು. ನನಗೆ ಹುದ್ದೆ ಸಿಕ್ಕಿಯೇ ಬಿಟ್ಟಿತು ಎನಿಸಿತು. ಆಮೇಲೆ ಅವರು ತಮ್ಮ ಫೋನನ್ನು ವೈಫೈಗೆ ಜೋಡಿಸಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

"ಅಡ್ರೆಸ್ ಸಿಗವಲ್ದಲ್ರಿ ಮಾಸ್ತರ. ಐದೂ ಯಾರ್ಯಾರಿಗೆ ಕೊಟ್ಟೀರಿ?"

"ಅತಿಥಿ ಒಂದರಿಂದ ಅತಿಥಿ ಐದರ ತನಕ ಕೊಟ್ಟೀನ್ರಿ ಸರ."

"ಅವರು ಯಾರು ಅಂತ ಕೇಳಾಕತ್ತೀನಿ."

ನಾನು ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿದೆ. ಕಣ್ಣ ಮುಂದೆ ಓತಿಕ್ಯಾತ ಬಂದು ಕೂತಿತು.

ಅಷ್ಟರಲ್ಲಿ ಮಹೇಶ್ವರಿ ಮಂಡಕ್ಕಿಯ ತಾಟು ಹಿಡಿದು ಬಂದಳು. "ಮೂರನೇದು ನಮ್ಮಣ್ಣ ಪ್ರಭುಲಿಂಗಪ್ಪಂದರಿ. ಹಂಡೆ ತಂದು ಕೊಟ್ಟು ಮಂಗಳವಾರನ ನರಗುಂದಕ್ಕ ಹೋದ. ಅವಂದು ಬಿಡಸಿ ಸಾಹೇಬ್ರಿಗೆ ಕೊಡ್ರಿ."

ಬಿಡಿಸಿದೆ. ಸಾಹೇಬರ ಫೋನು ಆ ಕ್ಷಣವೇ ಜೋಡಣೆಯಾಯಿತು. ಅವರು "ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಿದರು. ಅವಳು ಮೊಳೆಯಿಂದ ಕ್ಯಾಲೆಂಡರನ್ನು ಇಳಿಸಿ ಕೊಟ್ಟಳು. ಪಾತೇಲಿಗಳ ಕೆಳಗೆ ನನ್ನ ನಂಬರುಗಳು ಸಾಲಾಗಿ ಕೂತಿದ್ದವು: ಯಾರದು, ಬಂದ ದಿನ, ಹೋದ ದಿನ. ಕೊನೆಗೆ ಒಂದು ಟಿಪ್ಪಣಿ: 'ಎರಡು ಯಾವಾಗಲೂ ಖಾಲಿ ಇಡಬೇಕು. ಇವರು ಇಡವಲ್ಲರು.'

ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಮಾಸ್ತರ, ಇಷ್ಟು ಬರದಿಡಾಕನ ಆ ಸಾಫ್ಟ್‌ವೇರ್ ತಂದದ್ದು. ತಂಗೆವ್ವ, ಈ ಕೆಲಸಕ್ಕ ನೀವ ಬರ್ತೀರೇನು?"

"ಮಧ್ಯಾಹ್ನದ ತನಕ ಆದ್ರ ಬರ್ತೀನ್ರಿ. ಸಂಜಿಕ ಪಾತೇಲಿ ಕೊಡೂದಿರತದ."

ಸೋಮವಾರ ಅವಳು ಶಾಲೆಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಳು. ನಾನು ಎಂಟನೇ 'ಬ'ಕ್ಕೆ ಹೋದೆ. ಓತಿಕ್ಯಾತ ಹಾಜರಿತ್ತು.

ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಅದು ಮನೆಯವರ ಓಣಿಗೆ ಸೇರಲೊಲ್ಲದು. ಹೋಗಿ ಕ್ಯಾಲೆಂಡರ್ ನೋಡಿದೆ. ನನ್ನ ಹೆಸರು ಅತಿಥಿ ಓಣಿಯ ಐದನೇ ನಂಬರಿನ ಮುಂದಿತ್ತು.

"ಏನಿದು ಮಹೇಶ್ವರಿ?"

"ಮನಿಯವರ ಓಣ್ಯಾಗೂ ಎರಡು ಖಾಲಿ ಇಡಬೇಕಲ್ರಿ, ಮಧ್ಯಾಹ್ನ ಬಂದು ನಿಮ್ಮದನ್ನ ಬಿಡಸೀನಿ. ನೀವು ಹ್ಯಾಂಗೂ ಉಣ್ಣಾಕ, ಮಲಗಾಕ ಅಷ್ಟ ಬರ್ತೀರಿ."

'ಬಂದ ದಿನ' ಎಂಬಲ್ಲಿ ನಮ್ಮ ಮದುವೆಯ ತಾರೀಖಿತ್ತು. 'ಹೋಗುವ ದಿನ' ಎಂಬಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: 'ನೋಡೂಣು.'