ಕೋಣಗಳಿಗೆ ಎಷ್ಟು ಜೀಬಿ ಬೇಕು?

ಮೆಲ್ಕಾರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನಿಗೆ ನಗುವಿಗೆ ಬರಗಾಲ ಎಂಬುದಿಲ್ಲ. "ಮನೆ ಕಂಪ್ಯೂಟರಿಗೆ ಎಷ್ಟು ಮೆಮೊರಿ ಹಾಕಿಸುವುದು?" ಎಂದು ಗಿರಾಕಿ ಬಾಗಿಲಲ್ಲಿ ನಿಂತು ಕೇಳಿದರೆ ಸಾಕು, ಪಕ್ಕದ ಜೆರಾಕ್ಸ್ ಅಂಗಡಿಯವರು ಕೆಲಸ ಬಿಟ್ಟು ಬಂದುಬಿಡುತ್ತಾರೆ. ಉತ್ತರ ಕೇಳಲಿಕ್ಕಲ್ಲ, ಮುಂದೆ ಏನಾಗುತ್ತದೆ ಎಂದು ನೋಡಲಿಕ್ಕೆ. ಇದೇ ಪ್ರಶ್ನೆಯ ಹಿಂದೆ ಒಬ್ಬರ ಮೀಸೆಯೇ ಪಣಕ್ಕೆ ಬಿದ್ದದ್ದುಂಟು. ಅದನ್ನು ಆಮೇಲೆ ಹೇಳುತ್ತೇನೆ.

ತಲೆಗೆ ಎರಡು

ತೋಡಾರಿನಿಂದ ಒಬ್ಬರು ಅಕ್ಕ ಬಂದಿದ್ದರು. ಮಕ್ಕಳ ಓದಿಗೆ ಕಂಪ್ಯೂಟರ್ ಬೇಕಿತ್ತು. ದುಬೈಯಲ್ಲಿರುವ ಗಂಡ ಅವರ ಕೈಯ ಫೋನಿನಲ್ಲಿ, ವಿಡಿಯೋ ಕಾಲಿನಲ್ಲಿ, ವ್ಯಾಪಾರ ನೋಡುತ್ತಿದ್ದರು.

"ಎಂಟು ಜೀಬಿಯಲ್ಲಿ ಸುಧಾರಿಸ್ತದೆ ಅಕ್ಕ. ಹದಿನಾರು ಇದ್ರೆ ಆರಾಮ" ಎಂದೆ.

ಅವರು ಬೆರಳು ಮಡಚಿದರು. "ನಾನು, ಅತ್ತೆ, ಮಕ್ಕಳು ಇಬ್ಬರು. ತಲೆಗೆ ಎರಡರ ಹಾಗೆ ಎಂಟು. ಸರಿ ಆಯ್ತಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಫೋನಿನೊಳಗಿಂದ ಗಂಡನ ಸ್ವರ ಬಂತು. "ಹೋಯ್, ನನ್ನ ಲೆಕ್ಕ ಎಲ್ಲಿ?"

"ನೀವು ಬರುವುದು ಎರಡು ವರ್ಷಕ್ಕೊಮ್ಮೆ. ಬಂದಾಗ ಅತ್ತೆಯದ್ದರಲ್ಲಿ ಅಡ್ಜಸ್ಟ್ ಮಾಡುವ."

ಅಟ್ಟ ಮಾತ್ರ ಸಾಕು

ಇದಾದ ಮೇಲೆ ನಾನು ಬುದ್ಧಿ ಕಲಿತು, ಜನಕ್ಕೆ ಅರ್ಥವಾಗುವ ಹಾಗೆ ವಿವರಿಸಲು ತೊಡಗಿದೆ. ಬೆಳ್ತಂಗಡಿ ಕಡೆಯ ಕೃಷಿಕರೊಬ್ಬರು ಸಿಕ್ಕಿದರು.

"ನೋಡಿ, ಹಾರ್ಡ್ ಡಿಸ್ಕ್ ಅಂದ್ರೆ ನಿಮ್ಮ ಮನೆಯ ಅಟ್ಟ. ಎಲ್ಲ ಅದರಲ್ಲಿ ತುಂಬಿಸಿಡುವುದು. ರ‍್ಯಾಮ್ ಅಂದ್ರೆ ಅಂಗಳ. ಕೆಲಸ ಮಾಡುವಾಗ ಅಟ್ಟದಿಂದ ಇಳಿಸಿ ಅಂಗಳದಲ್ಲಿ ಹರಡುವುದು. ಅಂಗಳ ದೊಡ್ಡದಿದ್ರೆ ಕೆಲಸ ಬೇಗ."

ಅವರಿಗೆ ಬಹಳ ಖುಷಿಯಾಯಿತು. ಇಷ್ಟು ಚಂದ ಯಾರೂ ಹೇಳಿರಲಿಲ್ಲ ಎಂದರು. ನಾನೂ ಉಬ್ಬಿಹೋದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಉತ್ಸಾಹ ತಡೆಯದೆ, "ಒಂದೇ ಸಂಗತಿ, ಕರೆಂಟು ಹೋದ್ರೆ ಅಂಗಳದಲ್ಲಿ ಹರಡಿದ್ದೆಲ್ಲ ಹೋಗ್ತದೆ" ಎಂದುಬಿಟ್ಟೆ.

ಅವರ ಮುಖ ಗಂಭೀರವಾಯಿತು. "ಎಲ್ಲವೂ?"

"ಎಲ್ಲವೂ."

"ನಮ್ಮಲ್ಲಿ ಗುಡುಗುವ ಮೊದಲೇ ಕರೆಂಟು ಹೋಗ್ತದೆ ಮಾರಾಯ್ರೆ. ಅಂಗಳ ಬೇಡ. ಅಟ್ಟ ಮಾತ್ರ ಕೊಡಿ."

ಡಬ್ಬದಲ್ಲಿ ನಿಂತ ಕೋಣ

ಈಗ ಮೀಸೆಯ ವಿಷಯ. ವಾಮದಪದವಿನಲ್ಲಿ ಕಂಬಳದ ಕೋಣ ಸಾಕುವ ಯಜಮಾನರೊಬ್ಬರಿದ್ದಾರೆ. ಕೋಣ ಎರಡು, ಚಿನ್ನು ಮತ್ತು ಮುತ್ತು. ಮೀಸೆ ಒಂದು. ಮೂರನ್ನೂ ಅವರು ಎಣ್ಣೆ ಹಾಕಿ ನೋಡಿಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಅವರು ನಾನೇ ಹಿಂದೆ ಮಾರಿದ್ದ ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು ಜೀಪಿನಿಂದ ಇಳಿದರು. ತುಳುವಿನಲ್ಲಿ ಬೈಯುತ್ತಲೇ ಒಳಗೆ ಬಂದರು. ಆ ಬೈಗುಳವನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ.

"ನನ್ನ ಕೋಣ ಇಷ್ಟು ವರ್ಷದಲ್ಲಿ ಕಂಬಳದ ಕೆಸರಿನ ಕರೆಯ ನಡುವೆ ನಿಂತದ್ದಿಲ್ಲ. ನಿನ್ನ ಡಬ್ಬದಲ್ಲಿ ನಿಂತಿತಲ್ಲ ಮಾರಾಯ!"

ಸಂಗತಿ ಇಷ್ಟು. ಹಿಂದಿನ ಕಂಬಳದಲ್ಲಿ ಅವರ ಜೋಡಿ ಕೂದಲೆಳೆಯಲ್ಲಿ ಸೋತಿತೆಂದು ತೀರ್ಪಾಗಿತ್ತು. ಯಜಮಾನರು ಒಪ್ಪಿರಲಿಲ್ಲ. ಓಟವನ್ನು ಅಳಿಯ ಡ್ರೋನಿನಲ್ಲಿ ತೆಗೆದಿದ್ದ. ಬೆಳ್ತಂಗಡಿಯ ಭಾವ, ಅಂದರೆ ಹೆಂಡತಿಯ ಅಣ್ಣ, ಸೋಲಿನ ಮಾತೆತ್ತಿ ಕೆಣಕಿದಾಗ ಇವರು ಎಲ್ಲರೆದುರು ಹೇಳಿಬಿಟ್ಟಿದ್ದರು, "ವಿಡಿಯೋ ಹಾಕಿ ತೋರಿಸ್ತೇನೆ. ನನ್ನ ಕೋಣ ಹಿಂದೆ ಇದ್ರೆ ಈ ಮೀಸೆ ತೆಗೆಸ್ತೇನೆ!" ಭಾವ ಆದಿತ್ಯವಾರ ಊಟಕ್ಕೆ ಬರುವುದೆಂದು ನಿಶ್ಚಯವಾಗಿತ್ತು.

ಅಂಗಡಿಯಲ್ಲೇ ವಿಡಿಯೋ ಹಾಕಿದೆವು. ಕೆಸರು ಹಾರಿಸುತ್ತ ಎರಡು ಜೋಡಿ ಬಂತು, ಬಂತು, ಓಟ ಮುಗಿಯುವ ಮಂಜೊಟ್ಟಿಗೆ ಇನ್ನೇನು ಮುಟ್ಟಬೇಕು, ಚಿತ್ರ ಗಕ್ಕನೆ ನಿಂತಿತು. ನಿಂತಲ್ಲಿ ಚಿನ್ನುವಿನ ಮೂಗೇ ಮುಂದಿತ್ತು.

"ನೋಡಿದಿಯಾ? ನಾವೇ ಮುಂದೆ! ಉಳಿದದ್ದನ್ನೂ ಓಡಿಸು!"

"ಯಜಮಾನ್ರೇ, ಇದರಲ್ಲಿ ಇರುವುದು ನಾಲ್ಕು ಜೀಬಿ. ಅಷ್ಟರಲ್ಲಿ ಇಷ್ಟು ದೊಡ್ಡ ವಿಡಿಯೋ ಎಳೆಯುವುದಿಲ್ಲ."

ಜೆರಾಕ್ಸ್ ಅಂಗಡಿಯವರು ಬಾಗಿಲಿನಿಂದಲೇ ಸಲಹೆ ಕೊಟ್ಟರು. "ಡಬ್ಬಕ್ಕೂ ಸ್ವಲ್ಪ ಹುರುಳಿ ಹಾಕಿ ನೋಡಿ ಯಜಮಾನ್ರೇ."

ಒಂಟಿ ಓಡುವುದಿಲ್ಲ

ಹದಿನಾರು ಹಾಕುವ ಎಂದು ತೀರ್ಮಾನವಾಯಿತು. "ಹದಿನಾರರ ಒಂದೇ ರ‍್ಯಾಮ್ ಪಟ್ಟಿ ಹಾಕಬಹುದು. ಆದರೆ ಎಂಟರದ್ದು ಎರಡು ಹಾಕಿದ್ರೆ ಜೋಡಿಯಾಗಿ ಓಡ್ತದೆ. ಸ್ಪೀಡು ಜಾಸ್ತಿ" ಎಂದೆ. ಈ ಮಾತನ್ನು ಇಂಜಿನಿಯರಿಂಗ್ ಹುಡುಗರಿಗೇ ಅರ್ಧ ಗಂಟೆ ವಿವರಿಸಿ ಸೋತವನು ನಾನು.

ಯಜಮಾನರ ಕಣ್ಣು ಹೊಳೆಯಿತು. "ಮತ್ತೆ? ಒಂಟಿ ಕೋಣ ಕಟ್ಟಿ ಯಾರಾದರೂ ಕರೆಗೆ ಇಳಿಸ್ತಾರಾ? ಜೋಡಿಯೇ ಹಾಕು. ಆದರೆ ಒಂದೇ ಪ್ರಾಯದ್ದು ಬೇಕು. ಒಂದು ಮುದಿ, ಒಂದು ಎಳತು ಕಟ್ಟಬೇಡ."

ಎರಡೂ ಒಂದೇ ಕಂಪೆನಿ, ಒಂದೇ ಸ್ಪೀಡು ಎಂದು ತೋರಿಸಿದೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ಬೆನ್ನು ಸವರಿದರು. ನನಗೂ ಹುರುಪು ಏರಿತ್ತು.

"ಎಡಕ್ಕೆ ಯಾವುದು, ಬಲಕ್ಕೆ ಯಾವುದು?" ಎಂದು ಕೇಳಿದರು.

"ಯಾವುದಾದ್ರೂ ಆಗ್ತದೆ."

"ಯಾವುದಾದ್ರೂ ಆಗ್ತದೆ ಅನ್ನುವವ ಮೆಡಲು ತಂದದ್ದನ್ನು ನಾನು ನೋಡಿಲ್ಲ" ಎಂದು ನನ್ನ ಮಾರ್ಕರ್ ಪೆನ್ನು ತೆಗೆದುಕೊಂಡು ಒಂದರ ಮೇಲೆ ಚಿನ್ನು, ಇನ್ನೊಂದರ ಮೇಲೆ ಮುತ್ತು ಎಂದು ಬರೆದರು.

ಅಷ್ಟರಲ್ಲಿ ಮನೆಯಿಂದ ಫೋನು ಬಂತು. ಅವರ ಹೆಂಡತಿಯ ಸ್ವರ ನನಗೂ ಕೇಳುತ್ತಿತ್ತು. "ಕೋಣಕ್ಕೆ ಹುರುಳಿ ಆಯ್ತು, ಕಂಪ್ಯೂಟರಿಗೆ ಜೀಬಿ ಆಯ್ತು. ನನಗೆ ಮಿಕ್ಸಿ ಯಾವ ಕಂಬಳ ಮುಗಿದ ಮೇಲೆ?"

ಆದಿತ್ಯವಾರ

ನಾನೇ ಹೋಗಿ ಜೋಡಿಸಿಕೊಡಬೇಕೆಂದು ಯಜಮಾನರ ಹಟ. ಹೋದರೆ ಚಾವಡಿ ತುಂಬ ಜನ. ಮುಂದಿನ ಕುರ್ಚಿಯಲ್ಲಿ ಬೆಳ್ತಂಗಡಿಯ ಭಾವ. ಅವರ ಎದುರಿನ ಟೀಪಾಯಿಯ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ, ಹೊಸ ರೇಜರು. ಯಜಮಾನರು ಅದನ್ನು ನೋಡಿದರೂ ನೋಡದವರಂತೆ ಮೀಸೆ ತಿರುವಿದರು. ಒಳಗಿನಿಂದ ಕೋಳಿ ಸಾರಿನ ಪರಿಮಳ ಬರುತ್ತಿತ್ತು. ಯಾರಿಗೂ ಅದರ ಮೇಲೆ ಗಮನ ಇರಲಿಲ್ಲ.

ವಿಡಿಯೋ ಹಾಕಿದೆ. ಏನು ಓಟ, ಏನು ಓಟ! ಹಾರಿದ ಕೆಸರಿನ ಹನಿಹನಿಯೂ ಕಾಣುತ್ತಿತ್ತು. ಯಜಮಾನರು ಎದ್ದು ನಿಂತು, "ಬಂತು, ಬಂತು! ನೋಡು ಭಾವ, ಸರಿಯಾಗಿ ನೋಡು!" ಎಂದು ಕುಣಿದರು. ಹಿಂದೆ ಚಿತ್ರ ನಿಂತಿದ್ದ ಜಾಗ ದಾಟಿತು. ಚಿನ್ನುವೇ ಮುಂದೆ. ಚಾವಡಿಯಲ್ಲಿ ಬೊಬ್ಬೆಯೋ ಬೊಬ್ಬೆ.

ಆಗ ಕರೆಯ ಬದಿಯಲ್ಲಿ ಯಾರೋ ಒಬ್ಬರು ಹೆಗಲ ಶಾಲನ್ನು ತಲೆಯ ಮೇಲೆ ಬೀಸಿ ಬೀಸಿ ಹಾರುವುದು ಕಂಡಿತು. ಶಾಲು ಕೈ ತಪ್ಪಿ ಹಾರಿತು. ಚಿನ್ನು ಒಂದು ಗಳಿಗೆ ಕುತ್ತಿಗೆ ತಿರುಗಿಸಿ ಆ ಕಡೆ ನೋಡಿದ. ಅಷ್ಟರಲ್ಲಿ ಪಕ್ಕದ ಕರೆಯ ಜೋಡಿ ಮೂಗು ಮುಂದೆ ಹಾಕಿ ಮಂಜೊಟ್ಟಿ ಹತ್ತಿಬಿಟ್ಟಿತು.

ಶಾಲು ಬೀಸಿದವರ ಮೀಸೆ ಎಂಥವರಿಗೂ ಗುರುತು ಸಿಗುವಷ್ಟು ಸ್ಪಷ್ಟವಾಗಿತ್ತು.

ಭಾವ ರೇಜರಿನ ಪ್ಲಾಸ್ಟಿಕ್ ಬಿಡಿಸತೊಡಗಿದರು. ಯಜಮಾನರ ಹೆಂಡತಿ ಕುಡಿನೀರು ತರುತ್ತೇನೆಂದು ಒಳಗೆ ಹೋದವರು ಬಾಗಿಲ ಹಿಂದೆಯೇ ನಿಂತು ನಗತೊಡಗಿದರು.

ಯಜಮಾನರು ಮೆಲ್ಲನೆ ನನ್ನ ಹತ್ತಿರ ಬಂದರು. ಒಂದು ಕೈ ಮೀಸೆಯ ಮೇಲಿತ್ತು. ಇನ್ನೊಂದು ಕೈಯಿಂದ ನನ್ನ ಭುಜ ಹಿಡಿದು ಕಿವಿಯಲ್ಲಿ ಹೇಳಿದರು:

"ಜೋಡಿಯನ್ನು ಬೇಗ ತೆಗೆದುಬಿಡು ಮಾರಾಯ. ನಾಲ್ಕು ಜೀಬಿಯಲ್ಲಿ ನಾವು ಗೆದ್ದಿದ್ದೆವು!"